ಹದಿಮೂರನೇ ಕ್ಲಿಕ್ಕು

ನಮ್ಮಪ್ಪ ಲಿಂಗಾಚಾರಿ ಕಮಾನು ಬಡಿದ ಕೊಟ್ಟಿಗೆ ಇದು.
ಕಬ್ಬಿನ ಲಾರಿಯ ಹನ್ನೊಂದು ಪಟ್ಟಿ,
ಕೆಂಪಗೆ ಕಾಯಿಸಿ ಎಣ್ಣೆಗದ್ದಿದರೆ
ಚೊಯ್ ಅನ್ನುವ ಸದ್ದಲ್ಲೇ ಅವನಿಗೆ ಹದ ತಿಳಿಯುತ್ತಿತ್ತು.
ಗಿರಾಕಿಗೆ ಒಂದೇ ಪ್ರಶ್ನೆ:
"ಎಷ್ಟು ಟನ್ ಹೇರ್ತೀಯ?
ಆರ್‌ಟಿಓಗೆ ಹೇಳೋದು ಬ್ಯಾಡ, ನಂಗೇಳು."

ಅದೇ ಗುಂಡಿಯ ಮೇಲೆ ಈಗ
ಹಸಿ ಸಿಮೆಂಟಿನ ಬಣ್ಣದ, ಎರಡೇ ಸೀಟಿನ ಕಾರು.
ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣಿಲ್ಲ.
ಒಡತಿ ಸಕ್ಕರೆ ಕಾರ್ಖಾನೆಯ ಲ್ಯಾಬಿನವರು,
ಕಬ್ಬಿನಹಾಲಿನ ಸಿಹಿ ಅಳೆದು ನೋಟ್‌ಬುಕ್ಕಿಗೆ ಇಳಿಸುವ ಕೆಲಸ.
ಹೆಸರು ಕೋಮಲ.
ಕೇಳಿದ್ದು ಗಟ್ಟಿ ಸ್ಪ್ರಿಂಗು.

"ವಾರಕ್ಕಾರು ದಿನ ಗುತ್ತಲು ರಸ್ತೆಯ ಹಂಪು,
ವರ್ಷಕ್ಕೆರಡು ಸಲ ಕೊಯಮತ್ತೂರಿನ ಟ್ರ್ಯಾಕು.
ಎರಡಕ್ಕೂ ಆಗೋ ಹಂಗೆ ಮಾಡ್ಕೊಡಿ ಆಚಾರ್ರೆ."
"ಎರಡು ದೋಣಿ ಮೇಲೆ ಕಾಲಿಟ್ಟಂಗೆ ಮೇಡಂ."
"ಕಾಲು ನಂದು. ದೋಣಿಗೆ ಹಗ್ಗ ಕಟ್ಟೋದು ನಿಮ್ಮ ಕೆಲಸ."

ಬಿಚ್ಚಿದೆ.
ಹಳೇ ಷಾಕು ಎಣ್ಣೆ ಕಕ್ಕಿತ್ತು,
ಬುಷ್ಷು ಒಣಕೊಬ್ಬರಿಯ ಹಾಗೆ ಸೀಳುಬಿಟ್ಟಿತ್ತು.
ಥರ್ಮಕೋಲಿನೊಳಗಿಂದ ಹೊಸ ಕಾಯಿಲೋವರು ನಾಕು
ಆಸ್ಪತ್ರೆಯ ಕೂಸುಗಳಂತೆ ಹೊರಬಂದವು.
ಬುಡದ ಉಂಗುರ ತಿರುವಿದರೆ ಕಾರು ತಗ್ಗುತ್ತದೆ,
ನೆತ್ತಿಯ ಗುಬುಟು ತಿರುವಿದರೆ ಬಿಗಿಯುತ್ತದೆ, ಕಟ್, ಕಟ್,
ಒಂದರಲ್ಲಿ ಹತ್ತಿ, ಇಪ್ಪತ್ನಾಲ್ಕರಲ್ಲಿ ಕಲ್ಲು.

ನಾಲ್ಕು ಚಕ್ರದಡಿ ನಾಲ್ಕು ತೂಕದ ಹಲಗೆ.
ಓಡಿಸೋರ ಭಾರ ಬಲಗಡೆ ಕೂತಿರಬೇಕು,
ಅವರಿಗೋ ಡ್ಯೂಟಿಗೆ ಹೊತ್ತಾಗಿತ್ತು.
"ತೂಕ ಎಷ್ಟು ಮೇಡಂ," ಅಂದೆ, ನೆಲ ನೋಡುತ್ತ.
"ಎಪ್ಪತ್ತೊಂದು. ಬರ್ಕೊಳಿ."
ಎದುರಿನ ಆಲೆಮನೆಯಿಂದ ಎಪ್ಪತ್ತೊಂದು ಕೇಜಿ ಅಚ್ಚುಬೆಲ್ಲ
ಮೂಟೆ ಕಟ್ಟಿ ತಂದು ಸೀಟಿಗೇರಿಸಿ ಬೆಲ್ಟು ಬಿಗಿದೆ.
ಬಲ ಮುಂದು, ಎಡ ಹಿಂದು, ಕೂಡಿದರೆ ಅರ್ಧ ಬರಬೇಕು.
ಅರೆಸುತ್ತು ಏರಿಸು, ಕಾಲುಸುತ್ತು ಇಳಿಸು.
ಹುಡುಗ ಸಿದ್ದೀಖ್ ಒಂದು ಅಚ್ಚು ಬಾಯಿಗೆಸೆದ,
ಹಲಗೆ ತಕ್ಷಣ ಚಾಡಿ ಹೇಳಿತು.

ಹದಿನೆಂಟು ಕ್ಲಿಕ್ಕಿನಲ್ಲಿ ಮೊದಲ ಸುತ್ತು ಹೋದೆ.
ಸ್ಕೂಲಿನ ಮುಂದಿನ ಹಂಪಿನಲ್ಲಿ
ನಾಲಿಗೆ ಕಚ್ಚಿಕೊಂಡೆ.
ಎಂಟಕ್ಕಿಳಿಸಿದರೆ ನಾಲೆಯ ತಿರುವಿನಲ್ಲಿ
ಹೊರೆ ಜಾರಿದ ಎತ್ತಿನಗಾಡಿಯಂತೆ ವಾಲಿತು.
ನಡುವೆ ಇಡೋಣ ಅಂತ ಹದಿಮೂರಕ್ಕೆ ತಂದಾಗ
ಅಪ್ಪನ ಮಾತು ನೆನಪಾಯ್ತು, ಬೈಗುಳದ ಸಮೇತ:
"ಹದ ಅನ್ನೋದು ನಡೂಮಧ್ಯ ಇರಾಕಿಲ್ಲ ಕಣ್ಲಾ,
ಹೊರೆ ಎಲ್ಲೈತೋ ಅಲ್ಲಿರ್ತದೆ."
ಹಿಂದಿನೆರಡನ್ನು ಎರಡು ಕ್ಲಿಕ್ಕು ಸಡಿಲಿಸಿದೆ.
ಮುಂದಿನದು ಹದಿಮೂರರಲ್ಲೇ ಇರಲಿ.
ದಾರಿಯಲ್ಲಿ ಬಿದ್ದ ಕಬ್ಬಿನ ಜಲ್ಲೆ ಚಕ್ರದಡಿ ಸಿಕ್ಕಿದ್ದು
ಕೂತಲ್ಲಿಗೇ ತಿಳಿಯಿತು. ನೋಯಲಿಲ್ಲ.
ಗಣ್ಣು ಎಷ್ಟೆಂದು ಕೇಳಿದ್ದರೂ ಹೇಳುತ್ತಿದ್ದೆನೋ ಏನೋ.

"ಟ್ರ್ಯಾಕಿನಲ್ಲಿ ಐದು ಏರಿಸಿ,
ಬರುವಾಗ ಮರೀದೆ ಐದು ಇಳಿಸಿ."
ನೋಟ್‌ಬುಕ್ಕಿನಲ್ಲಿ ಬರೆದು, ಅಡಿಗೆರೆ ಎಳೆದು,
ಶುಕ್ರವಾರ ನಸುಕಿಗೇ ಹೊರಟರು,
ದಿಂಬದ ಇಪ್ಪತ್ತೇಳು ತಿರುವು ಇಳಿದುಕೊಂಡು.

ಸೋಮವಾರ ಕಾರು ಬಂತು.
ಟೈರಿನ ಅಂಚು ಸುಟ್ಟು ಉಂಡೆಗಟ್ಟಿದೆ,
ನೋಡಿದರೆ ಗೊತ್ತಾಗುತ್ತದೆ, ಅಂಜಿ ಓಡಿಸಿಲ್ಲ.
ಇಳಿದವರೇ ಅಂದರು:
"ಕಾರಿನ ತುಂಬ ಇರುವೆ ಆಚಾರ್ರೆ!"

ಬೆಲ್ಲದ ಮೂಟೆ ಎಲ್ಲೋ ಸೋರಿತ್ತು.
ಸೀಟು ಕಳಚಿದೆ, ಬ್ರಷ್ಷು ಹಿಡಿದೆ,
ಎಷ್ಟು ಕೊಡವಿದರೂ ಸಾಲು ಮುಗಿಯದು.
"ಮೂರನೇ ತಿರುವಿನಲ್ಲಿ," ಅಂದರು ಅವರು,
"ಸ್ಟೇರಿಂಗಿನ ನೆತ್ತಿ ಮೇಲೆ ಒಂದು ನಡೀತಿತ್ತು.
ನೂರಾ ಹತ್ತರಲ್ಲಿ ಒಳಗೆ ನುಗ್ಗಿಸಿದೆ.
ಒಂದು ಗಳಿಗೆ ಕಾಲೂರಿ ನಿಂತ್ಕೊಳ್ತು.
ಆಮೇಲೆ ಅದರ ಪಾಡಿಗೆ ಅದು ಹೋಯ್ತು."

"ಟೈಮು ಎಷ್ಟು ಕಡಿಮೆ ಆಯ್ತು?" ಕೇಳಿದೆ.
ನೋಟ್‌ಬುಕ್ಕು ತೆರೆದರು. ಆ ಸುತ್ತಿನ ಸಾಲು ಖಾಲಿ.
"ನೋಡ್ಲಿಲ್ಲ," ಅಂದರು, ತುಸು ನಾಚಿ,
"ಇರುವೆ ನೋಡ್ತಿದ್ದೆ."