ದರದ ಪಟ್ಟಿ

ಸೈಕಲ್ಲಿಗೆ ಐದು, ಬೈಕಿಗೆ ಇಪ್ಪತ್ತು,
ಟಂಟಂಗೆ ಅರವತ್ತು, ಟ್ರ್ಯಾಕ್ಟರಿಗೆ ನೂರೈವತ್ತು,
ಕಬ್ಬು ತುಂಬಿದ್ರ ಬ್ಯಾರೆ.
ಆಡಿನ ಮರಿ ಸುಮ್ಮನ, ದೊಡ್ಡ ಹೋತಕ್ಕ ಹತ್ತು.
ತಗಡಿನ ಮ್ಯಾಲೆ ಕೆಂಪು ಬಣ್ಣದಾಗ ನಾನ ಬರದದ್ದು.
ಟ್ರ್ಯಾಕ್ಟರಿನ ಒತ್ತಕ್ಷರ ತಪ್ಪೈತಿ.
ಅದಕ್ಕಂತ ಯಾರೂ ಕಡಿಮಿ ಕೊಟ್ಟಿಲ್ಲ.

ರಬಕವಿ ಘಾಟಿನಾಗ ಮುಂಜಾನೆ ಆರಕ್ಕ
ದಾವಲಮಾಮಾ ಇಂಜಿನ್ ಎಬ್ಬಸ್ತಾನ.
ಒಂದು ಕಾಲಕ್ಕ ಅದು ಲಾರ್‍ಯಾಗಿತ್ತು, ಘಟ್ಟ ಹತ್ತಿಳದ ಇಂಜಿನ್;
ಈಗ ಕೃಷ್ಣೀ ನೀರಾಗ ಸಪಾಟ ಹಾದಿ.
ಮೊದಲ ಕೆಮ್ಮತೈತಿ, ಆಮ್ಯಾಲೆ ಬೈತೈತಿ,
ಆಮ್ಯಾಲೆ ದುಡಿಯಾಕ ಒಪ್ಪತೈತಿ.
ಚಾ ಕುಡಿಯೂತನ ಮಾಮಾನೂ ಹಂಗ.

ಬಾರ್ಜಿನ ಲೆಕ್ಕ ಸಾಲ್ಯಾಗ ಹೇಳಿಕೊಡೂದಿಲ್ಲ.
ಟ್ರ್ಯಾಕ್ಟರ್ ನಡುವ, ಮೂಗು ಆಚೀ ದಂಡೀಗೆ;
ಬೈಕು ಅಂಚಿಗೆ; ಹೆಂಗಸರು ನೆರಳಿದ್ದಲ್ಲೆ.
ಸಕ್ಕರಿ ಫ್ಯಾಕ್ಟರಿ ಸಾಹೇಬರ ಕಾರು ಬಲಕ್ಕ ನಿಂತ್ರ
ಎಡಕ್ಕ ಗೊಬ್ಬರದ ಚೀಲ.
ಯಾವನ ವಜ್ಜಾ ಎಷ್ಟಂತ
ಅವ ಇಳಿಜಾರು ಇಳಿಯೂದು ನೋಡಿ ಹೇಳ್ತೀನಿ.
ತಪ್ಪಿದ್ರ ಹೊಳಿ ಹೇಳತೈತಿ.

ಬ್ಯಾಸಗ್ಯಾಗ ನೀರು ಹಿಂದ ಸರದ್ರ
ಘಾಟು ಹೊತಗೊಂಡು ನಾವೂ ಕೆಸರಾಗ ಸರೀತೀವಿ.
ಕೊಯ್ನಾ ಬಿಟ್ರಂತ ಫೋನ್ ಬಂದ್ರ
ಹಗ್ಗ ಬಿಗದು, ಬೇವಿನ ಗಿಡದ ಬುಡಕ
ಇಸ್ಪೀಟು.

ಹೋದ ಕಾರ್ತೀಕದಾಗ ಒಂದು ಮಂಗಳವಾರ
ಟಾಟಾ ಏಸಿನಾಗ ಮಗ್ಗ ಬಂತು.
ತಾಡಪತ್ರಿ ಹೊಚ್ಚಿದ್ರೂ ಒಂದು ಕಾಲು ಹೊರಗ.
ಹಿಂದ ಕಾಡಪ್ಪ ಹಟಗಾರ, ಚಪ್ಪಲಿ ಇಲ್ಲದ.
"ಮಾರಿದ್ಯಾ?" ಅಂದೆ.
"ಕೊಟ್ಟೆ" ಅಂದ.
ಎರಡೂ ಒಂದ ಅಲ್ಲ ಅಂತ ತಿಳಿಯಾಕ
ನನಗ ಅರ್ಧ ಹೊಳಿ ಬೇಕಾತು.

ಪಟ್ಟಿ ನೋಡಿದೆ. ಹೋತ ಐತಿ, ಸೈಕಲ್ ಐತಿ, ಮಗ್ಗ ಇಲ್ಲ.
ಏಸಿಂದಷ್ಟ ಹರದೆ, ಎಂಬತ್ತು.

ನಡುಹೊಳ್ಯಾಗ ಮಾಮಾ ಗೇರ್ ಬದಲಿಸಿದ.
ತಗಡು ನಡುಗಿತು, ಏಸು ನಡುಗಿತು,
ತಾಡಪತ್ರಿ ಒಳಗ ಫಣಿ ಬಡೀತು:
ಟಕ್. ಟಕ್ಕಟಕ್. ಟಕ್.
ನೂಲಿಲ್ಲ, ಬೀಮಿಲ್ಲ, ಕರೆಂಟಿಲ್ಲ.
ಕಾಡಪ್ಪ ಅಂಚು ಎತ್ತಿ ಕೈ ಹಾಕಿದ.
ನಿಲ್ಲಸಾಕಂತ ತಿಳಕೊಂಡೆ.
ಅವನ ಬೆರಳು ಕಡದ ಎಳಿ ಹುಡುಕೂ ಹಂಗ
ಕಬ್ಬಿಣದ ಮ್ಯಾಲೆ ಹೊಂಟಿತ್ತು.
"ಎಡಗಡೆ ಸಡಲೈತಿ" ಅಂದ,
ನನಗಲ್ಲ.

ಮಾಮಾ ಏನೂ ಕೇಳಲಿಲ್ಲ, ಇಂಜಿನ್ ಸಣ್ಣ ಮಾಡಿದ.
ಹನ್ನೆರಡು ನಿಮಿಷದ ಹಾದಿ ಹದಿನೆಂಟು ಹಿಡೀತು.
ಬೈಕಿನ ಹುಡುಗರು ಹಾರ್ನ್ ಹೊಡದ್ರು,
ನೀರಿನಾಗ ಯಾರಿಗೆ ದಾರಿ ಬಿಡು ಅಂತಿದ್ರೋ.

ಆಚೀ ದಂಡ್ಯಾಗ ಕೊಂಡವ ಕಾದಿದ್ದ,
ಬಾಯಾಗ ಎಲಿಅಡಕಿ, ಕೈಯಾಗ ಹಗ್ಗ.
"ಹದಿನೇಳರ ಪಾನಾ ಐತೇನು?" ಅಂದ ಕಾಡಪ್ಪ.
ಮಾಮಾ ಇಂಜಿನ್ ಬಂದ್ ಮಾಡಿ ಹುಡುಕಿ ಕೊಟ್ಟ.
ಏಸಿನ ಮ್ಯಾಲೆ ಹತ್ತಿ, ಮಂದಿ ಬೈಯೂದರಾಗ,
ಇನ್ನೊಬ್ಬನ ಮಗ್ಗದ ಎಡಗಡೆ ಬೋಲ್ಟು
ಬಿಗಿ ಮಾಡಿದ. ಒಮ್ಮೆ ಅಲ್ಲಾಡಿಸಿ ನೋಡಿದ.
ಪಾನಾ ಧೋತರಕ್ಕ ಒರಸಿ ತಿರುಗಿ ಕೊಟ್ಟ.

ಬರೂವಾಗ ಏಸು ನಿಂತ ಜಾಗಾದಾಗ ಅವನ ನಿಂತ,
ಬಾರ್ಜಿನ ನಟ್ಟನಡುವ.
ಮೆಣಸಿನಕಾಯಿ ಗಾಡಿ ಬಂತು.
ಅಂಚಿಗೆ ಸರಿ ಅನ್ನಬೇಕಾಗಿತ್ತು, ಅನ್ನಲಿಲ್ಲ.
ಗಾಡಿ ಎಡಕ್ಕ ಹಾಕಿಸಿದೆ. ಒಂದು ಗೇಣು ವಾಲಿತು.
ಹೊಳಿ ಏನೂ ಹೇಳಲಿಲ್ಲ.

ಪಟ್ಟ್ಯಾಗ ಕೊನೀಗೆ ಒಂದು ಸಾಲಿನ ಜಾಗ ಉಳದೈತಿ.
ಡಬ್ಬ್ಯಾಗ ಕೆಂಪು ಬಣ್ಣಾನೂ ಐತಿ, ಕೆನಿಗಟ್ಟಿದ್ದು.
ಎಷ್ಟಂತ ಬರೀಲಿ ಅಂತ ಮಾಮಾನ ಕೇಳಿದೆ.
"ಡೀಸೆಲ್ ತಾ ಹೋಗು" ಅಂದ.