ಗುರುವಾರದ ಗ್ರೀಕು

ಮಂಡಿ ಮೊಹಲ್ಲಾದಲ್ಲಿ, ಚರ್ಚಿನ ಸಾಮಾನು ಕೋಣೆಯೊಳಗೆ,
ಮುರಿದ ಹಾರ್ಮೋನಿಯಂಗೂ ಕ್ರಿಸ್ಮಸ್ ಕೊಟ್ಟಿಗೆಯ ಮೂರು ಕುರಿಗಳಿಗೂ ನಡುವೆ
ಗಮಲಿಯೇಲ್ ಮೇಷ್ಟ್ರು ನಮಗೆ ಗ್ರೀಕು ಕಲಿಸುತ್ತಾರೆ.
ನಾವು ಇಬ್ಬರೇ: ಪಾಸ್ಟರಾಗಲಿರುವ ಸುಜಯ ಫಿಲೆಮೋನ್,
ಮತ್ತೆ ನಾನು, ರಿಟೈರಾದ ನರ್ಸು, ಅರವತ್ತೆರಡು.
ಈ ವಯಸ್ಸಿಗೆ ಯಾಕಮ್ಮ ಎಂದವರಿಗೆಲ್ಲ
ಮೊಣಕಾಲು ನೋವು, ಮೆಟ್ಟಿಲಿಲ್ಲದ ಜಾಗ ಇದೊಂದೇ, ಅಂದಿದ್ದೇನೆ.

ಈ ವಾರ, ಮಗನನ್ನು ದೂರದಲ್ಲೇ ಕಂಡ ಅಪ್ಪನ ಸಾಲು.
ಎಡಗಡೆ ಗ್ರೀಕು, ಬಲಗಡೆ ಇಂಗ್ಲಿಷು,
ನಡುವೆ ಮೇಷ್ಟ್ರ ಅಡಿಕೋಲು.
ಇಂಗ್ಲಿಷಿನಲ್ಲಿ ಅಪ್ಪನಿಗೆ ಕಂಪ್ಯಾಷನ್ ಉಂಟಾಯಿತು,
ಅರ್ಜಿಗೆ ಮಂಜೂರಾತಿ ಬಂದ ಹಾಗೆ.
ಗ್ರೀಕಿನಲ್ಲಿ ಒಂದೇ ಪದ, ಬಾಯಿ ತುಂಬ ಬೆಣಚುಕಲ್ಲು:
ಎಸ್‌ಪ್ಲಾಂಖ್ನಿಸ್ಥೇ.
ಸುಜಯ ಎರಡು ಸಲ ಎಡವಿ, ಮೂರನೆಯ ಸಲ ಉಗುಳಿದ.

"ಸ್ಪ್ಲಾಂಖ್ನ ಅಂದರೆ," ಮೇಷ್ಟ್ರು ಕನ್ನಡಕ ಒರೆಸಿಕೊಂಡರು,
"ಒಳಗಿನದು. ಈಲಿ, ಗುಂಡಿಗೆ, ಕರುಳು,
ಬಲಿಯ ಪ್ರಾಣಿಯನ್ನು ಸೀಳಿದರೆ ಕೈಗೆ ಬರುವುದೆಲ್ಲ.
ಹಳೆಯ ಇಂಗ್ಲಿಷಿನವರು ಒಂದೆರಡು ಕಡೆ ಕರುಳೆಂದೇ ಬರೆದರು.
ಆಮೇಲಿನವರಿಗೆ ನಾಚಿಕೆ.
ಊಟದ ಮೇಜಿನಲ್ಲಿ ಆಡಬಾರದ ಮಾತು ನೋಡಿ."
ನಮ್ಮದರಲ್ಲಿ ಏನಿದೆ ಸಾರ್, ಕೇಳಿದೆ.
ಕನ್ನಡದ ಪುಟ ತಿರುವಿದರು: ಕನಿಕರ.
ಇಸ್ತ್ರಿ ಮಾಡಿದ ಪದ. ಭಾನುವಾರಕ್ಕೆ ಸರಿ.

ನನಗೆ ಪಾಠ ಅಲ್ಲಿಗೇ ನಿಂತಿತು.

ಮಿಷನ್ ಆಸ್ಪತ್ರೆ, ರಾತ್ರಿ ಪಾಳಿ. ಪಾಂಡವಪುರದ ಕಡೆಯ ಹುಡುಗ,
ಹೋರಿ ತಿವಿದದ್ದು. ಒಂಬತ್ತು ವರ್ಷ,
ಚಡ್ಡಿ ಜೇಬಿನಲ್ಲಿ ಅರ್ಧ ತಿಂದ ಅಚ್ಚುಬೆಲ್ಲ.
"ಹಿಡ್ಕೊಳ್ಳಿ ಸಿಸ್ಟರ್," ಅಂದರು ಡಾಕ್ಟರು,
ಹರಿದ ಜಾಗ ಹುಡುಕುತ್ತ, ಮೊಳ ಮೊಳವಾಗಿ ಹೊರಗೆಳೆಯುತ್ತ,
ಹೂವಿನವಳು ಅಳೆದ ಹಾಗೆ.
ನನ್ನ ಎರಡೂ ಅಂಗೈ ತುಂಬ ಅದು, ಬೆಚ್ಚಗೆ, ಒದ್ದೆಯಾಗಿ,
ಮತ್ತೆ, ಇದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ,
ತನ್ನಷ್ಟಕ್ಕೆ ತಾನೇ ಮೆಲ್ಲಗೆ ಹೊರಳುತ್ತಿತ್ತು.
ಹುಡುಗನಿಗೆ ಎಚ್ಚರವಿರಲಿಲ್ಲ. ಅದಕ್ಕಿತ್ತು.

ಬಾಗಿಲಿನ ದುಂಡು ಗಾಜಿನಾಚೆ ಅವನ ಅಪ್ಪ.
ಅಳು ಇಲ್ಲ, ಕೈಮುಗಿದಿಲ್ಲ, ಎದೆಯ ಮೇಲೂ ಕೈಯಿಲ್ಲ.
ಪಂಚೆಯ ಗಂಟಿನ ಪಕ್ಕ, ಎಡಗಡೆ,
ಮಗನಿಗೆ ತಿವಿದ ಜಾಗದಲ್ಲೇ
ಎರಡೂ ಕೈ ಒತ್ತಿ ಬಾಗಿ ನಿಂತಿದ್ದ,
ಬಿಟ್ಟರೆ ಚೆಲ್ಲಿಬಿಡುವ ಹಾಗೆ.

(ಹುಡುಗ ಬದುಕಿದ. ಹದಿನೇಳು ವರ್ಷ ಬಿಟ್ಟು ಮದುವೆ ಕಾರ್ಡು ಬಂತು,
ದೊರ್ಕಮ್ಮ ಬದಲು ದೊರೆಕಮ್ಮ ಅಂತ ಬರೆದಿದ್ದರು.)

"ಸಿಸ್ಟರ್, ನಿಮ್ಮ ಅನುವಾದ?"
ಕರುಳು ಕಿತ್ತು ಬಂತು, ಅಂದೆ.
ಮೇಷ್ಟ್ರು ಸೀಸದಕಡ್ಡಿ ಕಚ್ಚಿದರು.
"ಕ್ರಿಯಾಪದ ಕರ್ಮಣಿ ರೂಪದಲ್ಲಿದೆ. ಅವನು ಮಾಡಿದ್ದಲ್ಲ, ಅವನಿಗೆ ಆದದ್ದು."
ನಮ್ಮಲ್ಲೂ ಹಾಗೇ ಸಾರ್,
ಕರುಳನ್ನು ಯಾರೂ ಕೀಳುವುದಿಲ್ಲ. ಅದೇ ಬರುತ್ತದೆ.
ಸುಜಯ ಬರೆದುಕೊಂಡ, ಆಮೇಲೆ ಗೀಟು ಹೊಡೆದ.
"ಪೀಠದಲ್ಲಿ ನಿಂತು ಓದೋಕಾಗಲ್ಲ ಆಂಟಿ."
ಆಗಲ್ಲ, ನಿಜ.

ಮನೆಗೆ ಹೋಗುತ್ತ ಮಂಡಿಯಲ್ಲಿ ಅರ್ಧ ಕೆಜಿ ಬೋಟಿ ಕಟ್ಟಿಸಿದೆ.
"ಸುಣ್ಣ ಹಾಕಿ ಉಜ್ಜಿದೀನಿ, ಇನ್ನೊಂದು ಸಲ ತೊಳ್ಕೊಳ್ಳಿ," ಅಂದಳು ಹಸೀನಾಬಿ.
ಇದ್ದದ್ದು ಒಂದೇ ಚೀಲ.
ಮನೆಯಲ್ಲಿ ತೆಗೆದರೆ ನೋಟ್‌ಬುಕ್ಕಿನ ಮೂಲೆ ನೆನೆದಿದೆ,
ಗ್ರೀಕು ಅಕ್ಷರ ಊದಿಕೊಂಡಿವೆ.
ಮೂರು ದಿನ ಬಿಸಿಲಿಗಿಟ್ಟೆ. ಶಾಯಿ ಒಣಗಿತು,
ವಾಸನೆ ಹೋಗಲಿಲ್ಲ.
ಮುಂದಿನ ಗುರುವಾರ ಮೇಷ್ಟ್ರು ಪುಟ ಮೂಸಿ ನೋಡಿ,
ಏನೂ ಅನ್ನದೆ ಮಾರ್ಕು ಹಾಕಿದರು.