ಎಪ್ಪತ್ತು ದಾಟಿದ ಮೈನರ್

ಜೆ.ಸಿ. ರಸ್ತೆಯ ಒಳಗಲ್ಲಿಯಲ್ಲಿ ನಮ್ಮ ಅಂಗಡಿ.
ಬೋರ್ಡಿಲ್ಲ. ಕೇಳಿದರೆ ಯಾರಾದರೂ ತೋರಿಸುತ್ತಾರೆ:
ಸೀಟು ಹೊಲಿಯುವ ವಿಠೋಬ.

ಹೋದ ಸೋಮವಾರ ಹಗ್ಗಕ್ಕೆ ಕೊರಳು ಕೊಟ್ಟು
ಎಳೆಸಿಕೊಂಡು ಬಂತು ಒಂದು ಮಾರಿಸ್ ಮೈನರ್.
ಐವತ್ತೆರಡರ ಗಾಡಿ. ಮೈಸೂರು ರಾಜ್ಯದ ನಂಬರು.
ಎಪ್ಪತ್ತು ದಾಟಿದರೂ ಇನ್ನೂ ಮೈನರ್,
ಸಹಿ ಹಾಕುವ ಹಕ್ಕಿಲ್ಲ, ಗತ್ತು ಮಾತ್ರ ಯಜಮಾನಂದು.

ಇಳಿದವರು ಹಲ್ಲಿನ ಡಾಕ್ಟರು ಹಂದೆ.
ಬಾನೆಟ್ಟು ಎತ್ತಿ ಇಣುಕಿದರು,
'ಆ ಅನ್ನಿ' ಅನ್ನುವ ಹಾಗೆ.
"ನೋಡು ವಿಠೋಬ, ದುಡ್ಡು ಎಷ್ಟಾದರೂ ಆಗಲಿ,
ಎಲ್ಲ ಒರಿಜಿನಲ್ ಇರಬೇಕು."
ಬೆಳಗಾದರೆ ಊರ ಬಾಯಿಗೆಲ್ಲ
ಕಟ್ಟಿದ ಹಲ್ಲು ಕೂರಿಸುವವರು!
ನಾನು ನಗಲಿಲ್ಲ.
ಮೇಲಿನ ಸಾಲಲ್ಲಿ ನನ್ನವೆರಡು ಅವರದೇ ಕೆಲಸ.

ಬಾಗಿಲ ಪಕ್ಕದ ಕಂಬದಿಂದ ಕೈ ಚಾಚಿ
'ತಿರುಗ್ತೀನಿ' ಅನ್ನುವ ಹಳೆಯ ಇಂಡಿಕೇಟರು.
ಬಲಗೈ ಸಿಕ್ಕಿದ್ದು ಕೋಲಾರದ ಗುಜರಿಯಲ್ಲಿ.
ಎಡಗೈಗೆ ಮೂರು ವರ್ಷ ಕಾಗದ ಬರೆದು ಬರೆದು
ಇಂಗ್ಲೆಂಡಿನ ಯಾವುದೋ ವಿಧವೆಯಿಂದ ತರಿಸಿದರಂತೆ,
ಹತ್ತಿಯಲ್ಲಿ ಸುತ್ತಿ, ಕೂಸಿನ ಹಾಗೆ.
ಸ್ವಿಚ್ಚು ಒತ್ತಿದರು. ಟಪ್ಪೆಂದು ಎದ್ದಿತು.
ಎದುರಿಗೆ ಬಂದ ಆಟೋದವನು ದಂಗಾಗಿ
ದಾರಿ ಬಿಟ್ಟ. ಜೆ.ಸಿ. ರಸ್ತೆಯಲ್ಲಿ!
ಡಾಕ್ಟರ ಮುಖ ನೋಡಬೇಕಿತ್ತು ನೀವು.

ಅವರು ಹೋದ ಮೇಲೆ ಹಿಂದಿನ ಸೀಟಿನ
ಒಂದು ಮಗ್ಗುಲು ಬಿಚ್ಚಿದೆ.
ತೆಂಗಿನ ನಾರು, ತುಕ್ಕು ಹಿಡಿದ ಸ್ಪ್ರಿಂಗು,
ಒಂದು ಹೇರ್‌ಪಿನ್ನು, ಹುಣಸೆ ಬೀಜ ಏಳು,
ಯಾವ ಮಗುವೋ ಬಚ್ಚಿಟ್ಟು ಮರೆತ ತೂತು ಕಾಸು.
ಆಮೇಲೆ ಹೊಲಿಗೆ.
ಬೆರಳು ಅಲ್ಲೇ ನಿಂತಿತು.

ಮೂಲೆಗೆ ಬಂದಾಗ ಒಂದು ಹೆಜ್ಜೆ ಹಿಂದಕ್ಕೆ ಹೋಗಿ
ಎರಡು ಗಂಟು.
"ಒಂದು ಗಿರಾಕಿಗೆ, ಒಂದು ಪಾಂಡುರಂಗನಿಗೆ"
ಅನ್ನುತ್ತಿದ್ದ ನಮ್ಮಪ್ಪ ತುಕೋಜಿ.
ಇದು ಆಕ್ಸ್‌ಫರ್ಡಿನ ಕಾರ್ಖಾನೆಯ ಗಂಟಲ್ಲ,
ಕಲಾಸಿಪಾಳ್ಯದ್ದು.
ಅಂದರೆ ಈ ಸೀಟು ಒಂದು ಸಲ ಸತ್ತು ಹುಟ್ಟಿದೆ,
ಅರವತ್ತೆಂಟರಲ್ಲೋ ಎಪ್ಪತ್ತರಲ್ಲೋ,
ಹನ್ನೆರಡು ರೂಪಾಯಿ ಮಜೂರಿಗೆ.
ಅದರಲ್ಲೂ ಮೂರು ಬಾಕಿ ಇದ್ದಿರಬೇಕು.

ಸಂಜೆ ಫೋನು: "ಏನು ವಿಠೋಬ,
ಹೊಲಿಗೆ ಒರಿಜಿನಲ್ಲೇ?"
ನಾಲಿಗೆ ತಾನಾಗಿ ಮೇಲೆ ಹೋಗಿ
ಆ ಎರಡು ಹಲ್ಲು ಮುಟ್ಟಿ ನೋಡಿತು.
ಅಲ್ಲಾಡಲಿಲ್ಲ.
"ಹೌದು ಸಾರ್," ಅಂದೆ. "ಪೂರ್ತಿ ಬಿಚ್ಚೋದು ಬೇಡ,
ಬಿಟ್ಟ ಕಡೆ ನಾಲ್ಕು ಎಳೆ ಸೇರಿಸ್ತೀನಿ."

ಕಾಸನ್ನೂ ಬೀಜಗಳನ್ನೂ ನಾರಿನೊಳಗೇ ಇಟ್ಟು
ಮುಚ್ಚಿದೆ. ಎರಡು ಗಂಟು.
ಹೇರ್‌ಪಿನ್ನು ಮಾತ್ರ ಇಟ್ಟುಕೊಂಡಿದ್ದೇನೆ,
ಸಿಕ್ಕಾದ ದಾರ ಬಿಡಿಸುವುದಕ್ಕೆ ಬಹಳ ಒಳ್ಳೆಯದು.